ಎರಡು ಸಾಲಿನ ಚೀಟಿ

"ಇಷ್ಟೇನಾ?" ಅಂದರು ದೊಡ್ಡಮ್ಮ, ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ.

ಕೈಯಲ್ಲಿದ್ದ ಚೀಟಿಯಲ್ಲಿ ಎರಡೇ ಸಾಲು. ಮೇಲಿನದು ಮಾತ್ರೆ: ಅಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೆ ಒಂದು. ಕೆಳಗಿನದು ಬರೀ ಒಂದು ತಾರೀಕು. ಇಂಜೆಕ್ಷನ್ ಇಲ್ಲ, ಟಾನಿಕ್ ಇಲ್ಲ. ಸಾಲದ್ದಕ್ಕೆ, ಔಷಧಿ ಕೌಂಟರಿನ ಮುಂದೆ ನಿಂತಿದ್ದ ಇನ್ನಿಬ್ಬರ ಕೈಗೂ ಅದೇ ಮಾತ್ರೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. "ಬಿಪಿ ಅಂತ ಬಂದೋರಿಗೆಲ್ಲ ಅದನ್ನೇ ಬರ್ಕೊಡೋದಾದ್ರೆ ಡಾಕ್ಟ್ರು ಯಾತಕ್ಕೆ ಬೇಕು? ಕಾಂಪೌಂಡರೇ ಸಾಕಿತ್ತಲ್ಲೋ."

ಎಪ್ಪತ್ತೊಂದು ವರ್ಷದ ದೊಡ್ಡಮ್ಮನ ಪ್ರಶ್ನೆಗೆ ಅಂದು ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ ನನ್ನ ಗೆಳೆಯನ ಮಗಳು. ಕೇಳಿದ್ದಕ್ಕೆ, "ಬಿಪಿ-ಶುಗರ್ ದಿನ ಬಂದು ಮೂಲೇಲಿ ಕೂತ್ಕೊಳ್ಳಿ ಅಂಕಲ್. ಯಾರಾದ್ರೂ ಬೇಡ ಅಂದ್ರೆ ಎದ್ದು ಹೊರಗೆ ಹೋಗ್ಬೇಕು, ಅಷ್ಟೆ" ಅಂದಳು. ಮನೆಯಲ್ಲಿ ಏಕವಚನದ ಹುಡುಗಿ. ಆ ಕುರ್ಚಿಯಲ್ಲಿ ಕೂತಾಗ ನನಗೂ ಡಾಕ್ಟ್ರು. ಇಲ್ಲಿಂದ ಮುಂದೆ ಬಹುವಚನವೇ ಸರಿ.

ಮೊದಲು ತಿಳಿದದ್ದು, ಆ ಎರಡು ಸಾಲು ಒಂದು ವಾರ ತಡವಾಗಿ ಬಂದದ್ದು ಏಕೆ ಎಂಬುದು. ಮೊದಲ ಸಲ ಹೋದಾಗ ದೊಡ್ಡಮ್ಮನಿಗೆ ಮಾತ್ರೆ ಕೊಟ್ಟಿರಲೇ ಇಲ್ಲ. ಬಸ್ಸಿಳಿದು, ಬಿಸಿಲಲ್ಲಿ ನಡೆದು, ಗೇಟಿನ ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿದು, ನೇರವಾಗಿ ಬಂದು ಸ್ಟೂಲಿನ ಮೇಲೆ ಕೂತು, ಸೊಸೆಯ ಸಂಗತಿ ಹೇಳುತ್ತಲೇ ಕೈ ಚಾಚಿದ್ದರು. ಮೆಷಿನ್ 178/100 ತೋರಿಸಿತು. ಡಾಕ್ಟ್ರು ಅದನ್ನು ಬರೆದುಕೊಳ್ಳಲೂ ಇಲ್ಲ. ಬಾತ್‌ರೂಮಿಗೆ ಹೋಗಿ ಬರಲು ಹೇಳಿದರು. ಕಾಫಿ ಕುಡಿದು ಅರ್ಧ ಗಂಟೆಯಾಗಲಿ ಎಂದು ಕಾಯಿಸಿದರು. ಆಮೇಲೆ ಬೆನ್ನಿಗೆ ಆಸರೆಯಿರುವ ಕುರ್ಚಿ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಪಟ್ಟಿ ರವಿಕೆಯ ತೋಳಿನ ಮೇಲಲ್ಲ, ಬರಿಗೈಗೆ. ಅದಾದ ಮೇಲೆ ಐದು ನಿಮಿಷ ಮೌನ. ದೊಡ್ಡಮ್ಮನಿಗೆ ಬಿಪಿಗಿಂತ ಕಷ್ಟವಾದದ್ದು ಈ ಐದು ನಿಮಿಷ. ಒಂದೆರಡು ನಿಮಿಷದ ಬಿಡುವಿನಲ್ಲಿ ಎರಡು ಸಲ ನೋಡಿ ಸರಾಸರಿ ತೆಗೆದರು: 164/96. "ಮುಂದಿನ ವಾರ ಬನ್ನಿ ಅಮ್ಮ. ಒಂದೇ ದಿನದ ಲೆಕ್ಕ ನಂಬಿ ಜೀವನಪೂರ್ತಿ ಮಾತ್ರೆ ಕೊಡೋಕಾಗಲ್ಲ."

ಹೊರಗಿನಿಂದ ಕಂಡವರಿಗೆ ಇದು ಸೋಮಾರಿತನ. ಕಸುಬು ಬಲ್ಲವರಿಗೆ ಇದೇ ಅರ್ಧ ಕಸುಬು. ತೋಳು ಜೋತುಬಿದ್ದಿದ್ದರೆ, ಬೆನ್ನಿಗೆ ಆಸರೆ ಇಲ್ಲದಿದ್ದರೆ, ಮಾತಾಡುತ್ತಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ, ಒಂದೊಂದೂ ಅಂಕಿಯನ್ನು ಅಷ್ಟಷ್ಟು ಮೇಲೆತ್ತುತ್ತದೆ. ಎಲ್ಲ ಸೇರಿದರೆ ಕಾಯಿಲೆಯಿಲ್ಲದವರೂ ರೋಗಿಯಾಗಬಹುದು. ಬಿಪಿ ತೀರಾ ಹೆಚ್ಚಿದ್ದು, 180/110 ದಾಟಿ, ಹೃದಯಕ್ಕೋ ಮೂತ್ರಪಿಂಡಕ್ಕೋ ಪೆಟ್ಟು ಬಿದ್ದ ಗುರುತಿದ್ದರೆ ಕಾಯುವ ಪ್ರಶ್ನೆಯಿಲ್ಲ. ಉಳಿದವರನ್ನು ಬೇರೆ ಬೇರೆ ದಿನ ನೋಡಿಯೇ ತೀರ್ಮಾನಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಎರಡನೆಯ ವಾರ 158/94 ಬಂತು. ಚೀಟಿ ಹೊರಬಿತ್ತು.

ಮಾರ್ಗಸೂಚಿ ಅಂದರೆ ಯಾರೋ ದೊಡ್ಡವರು ಕೂತು ಬರೆದ ಕಾನೂನು ಅಂದುಕೊಂಡಿದ್ದೆ. ಅದರ ಹಿಂದೆ ಒಂದು ದೀರ್ಘ ಕತೆಯಿದೆ. ಬಹುಕಾಲ ವೈದ್ಯರಲ್ಲೇ ಅನೇಕರು, ವಯಸ್ಸಾದಂತೆ ಪೆಡಸಾದ ರಕ್ತನಾಳಗಳಲ್ಲಿ ರಕ್ತ ಹರಿಯಬೇಕಾದರೆ ಒತ್ತಡ ಹೆಚ್ಚಲೇಬೇಕು, ಇಳಿಸಿದರೇ ಅಪಾಯ ಎಂದು ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚಿನಲ್ಲಿ ಹೃದ್ರೋಗ ತಜ್ಞ ಹೋವರ್ಡ್ ಬ್ರೂಯನ್ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡಾಗ 300/190. ಲೋಕದ ಅತ್ಯಂತ ಬಲಿಷ್ಠ ವ್ಯಕ್ತಿಯ ಪಕ್ಕದಲ್ಲಿದ್ದ ವೈದ್ಯರ ಕೈಯಲ್ಲಿ, ಇಂದು ನಮ್ಮ ಹೋಬಳಿಯ ಕೌಂಟರಿನಲ್ಲಿ ಬಿಟ್ಟಿ ಸಿಗುವ ಒಂದು ಮಾತ್ರೆಯೂ ಇರಲಿಲ್ಲ.

ದಾರಿ ತೆರೆದವರಲ್ಲಿ ನಮ್ಮವರೂ ಇದ್ದಾರೆ. ಮುಂಬಯಿಯ ರುಸ್ತುಂ ಜಲ್ ವಕೀಲ್ 1949ರಲ್ಲಿ ಸರ್ಪಗಂಧದ ಬೇರು ಒತ್ತಡ ಇಳಿಸುವ ಬಗೆಯನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಬರೆದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಅದೇ ರಿಸರ್ಪಿನ್, ಇನ್ನೆರಡು ಔಷಧಗಳ ಜೊತೆಗೂಡಿ, 1967ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪ್ರಯೋಗದಲ್ಲಿ ಬಳಕೆಯಾಯಿತು. ಎಡ್ವರ್ಡ್ ಫ್ರೈಸ್ ಮುಂದಾಳತ್ವದ ಆ ಪ್ರಯೋಗದಲ್ಲಿದ್ದವರು ಕೇವಲ 143 ಮಂದಿ. ಎಲ್ಲರಿಗೂ ಕೆಳಗಿನ ಅಂಕಿ 115ರಿಂದ 129ರ ನಡುವೆ. 73 ಜನಕ್ಕೆ ನಿಜವಾದ ಮಾತ್ರೆ, 70 ಜನಕ್ಕೆ ಸಪ್ಪೆ ಮಾತ್ರೆ. ಸಪ್ಪೆ ಮಾತ್ರೆಯವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು, ನಿಜವಾದ ಮಾತ್ರೆಯವರಲ್ಲಿ ಇಬ್ಬರಿಗೆ. ಇಳಿಸಿದರೆ ಅಪಾಯ ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು.

ಅಂಥ ಪ್ರಯೋಗಗಳು ನೂರಾರಾದ ಮೇಲೆ, ಹಳ್ಳಿಯ ಡಾಕ್ಟರು ಅವನ್ನೆಲ್ಲ ಓದಿ ಮುಗಿಸುವುದು ಯಾವಾಗ, ರೋಗಿಯನ್ನು ನೋಡುವುದು ಯಾವಾಗ? ಆ ಓದನ್ನು ಇವರ ಪರವಾಗಿ ಮಾಡಿಕೊಡುವುದೇ ಮಾರ್ಗಸೂಚಿ. ಅಮೆರಿಕದ ಜಂಟಿ ರಾಷ್ಟ್ರೀಯ ಸಮಿತಿಯ ಮೊದಲ ವರದಿ ಬಂದದ್ದು 1977ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಬಿಪಿ ಔಷಧಗಳ ಬಗ್ಗೆ 2021ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಸಮಿತಿ ಮೊದಲು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತದೆ: ಯಾವ ಅಂಕಿಗೆ ಮಾತ್ರೆ ಶುರು ಮಾಡಬೇಕು, ಯಾವ ಮಾತ್ರೆ, ಎಷ್ಟು ಇಳಿಸಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು. ಒಂದೊಂದಕ್ಕೂ ಸಿಕ್ಕ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ, ಜೊಳ್ಳು ತೂರಿ, ಉಳಿದ ಕಾಳಿನ ತೂಕಕ್ಕೆ ತಕ್ಕಂತೆ ‘ಬಲವಾದ ಶಿಫಾರಸು’ ಅಥವಾ ‘ಷರತ್ತಿನ ಶಿಫಾರಸು’ ಎಂದು ಮುದ್ರೆ ಒತ್ತುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರ ಅನುಭವದ ಮಾತಿಗೆ ಮೊದಲ ಮಣೆ. ಇಲ್ಲಿ ಅದಕ್ಕೆ ಕೊನೆಯ ಮಣೆ. ಪ್ರಯೋಗದ ಆಧಾರ ಏನೂ ಸಿಗದ ಕಡೆ ಮಾತ್ರ ತಜ್ಞರ ಅಭಿಪ್ರಾಯ ಕೇಳಿಬರುತ್ತದೆ.

ಈಗ ಚೀಟಿಯ ಮೊದಲ ಸಾಲಿಗೆ ಬರೋಣ. ಬಿಪಿ ಇಳಿಸುವ ಮಾತ್ರೆಗಳಲ್ಲಿ ಮೂರು ಮನೆತನಗಳು ಮುಂಚೂಣಿಯಲ್ಲಿವೆ. ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸಿ ದಾರಿ ಅಗಲ ಮಾಡುವುದು ಅಮ್ಲೋಡಿಪಿನ್ ಮನೆತನ. ನಾಳವನ್ನು ಬಿಗಿಯುವ ಹಾರ್ಮೋನಿನ ಕೈ ಕಟ್ಟುವುದು ಎನಾಲಪ್ರಿಲ್, ಟೆಲ್ಮಿಸಾರ್ಟನ್‌ಗಳ ಮನೆತನ. ಹೆಚ್ಚಿನ ಉಪ್ಪು ನೀರನ್ನು ಮೂತ್ರದಲ್ಲಿ ಹೊರಹಾಕುವುದು ಕ್ಲೋರ್‌ಥಾಲಿಡೋನ್ ಮನೆತನ. ಯಾವುದು ಮೇಲು? 2002ರಲ್ಲಿ ಪ್ರಕಟವಾದ ‘ಆಲ್‌ಹ್ಯಾಟ್’ ಪ್ರಯೋಗ ಈ ಮೂರೂ ಮನೆತನಗಳನ್ನು 33,357 ಜನರಲ್ಲಿ ಎದುರುಬದುರು ನಿಲ್ಲಿಸಿತು. ಹೃದಯಾಘಾತ ತಡೆಯುವುದರಲ್ಲಿ ಹೊಸ ದುಬಾರಿ ಮಾತ್ರೆಗಳು ಹಳೆಯ ಅಗ್ಗದ ಕ್ಲೋರ್‌ಥಾಲಿಡೋನನ್ನು ಮೀರಿಸಲಿಲ್ಲ.

"ಹಾಗಾದ್ರೆ ಅಮ್ಲೋಡಿಪಿನ್ನೇ ಯಾಕೆ ಮೊದಲು?" ಅಂತ ಕೇಳಿದೆ. ಡಾಕ್ಟ್ರು ಬೆರಳು ಮಡಿಸಿದರು. ಶುರು ಮಾಡುವ ಮುನ್ನ ರಕ್ತಪರೀಕ್ಷೆಯ ವರದಿಗೆ ಕಾಯಬೇಕಿಲ್ಲ. ವಯಸ್ಸಾದವರಿಗೆ ಒಗ್ಗುತ್ತದೆ. ಅಗ್ಗ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಮೈಯಲ್ಲಿ ನಿಧಾನವಾಗಿ ಕರಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. "ಸಂತೆ ದಿನ, ಮದುವೆ ದಿನ ಜನ ಮಾತ್ರೆ ಮರೀತಾರೆ ಅಂಕಲ್. ಒಂದು ದಿನ ಮರೆತ್ರೂ ಕೈಬಿಡದ ಮಾತ್ರೆ ಇದು." ಕೆಲವರಿಗೆ ಪಾದ ಊದುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತಾರೆ. ಹೇಳದಿದ್ದರೆ, ಕಾಲು ಊದಿದ ದಿನವೇ ಮಾತ್ರೆ ಅಟ್ಟ ಸೇರುತ್ತದೆ. ಎನಾಲಪ್ರಿಲ್ ಮಾತ್ರೆಗೆ ಇಂಥದೇ ಇನ್ನೊಂದು ಕಾಟವುಂಟು, ಒಣಕೆಮ್ಮು. ಟೆಲ್ಮಿಸಾರ್ಟನ್‌ಗೆ ಆ ತಂಟೆ ಕಡಿಮೆ.

ಬ್ರಿಟನ್ನಿನ ಮಾರ್ಗಸೂಚಿ ಮೊದಲ ಮಾತ್ರೆಯನ್ನು ವಯಸ್ಸು ನೋಡಿ ಆರಿಸುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಮೆಟ್ಟಿಲು ಇನ್ನೂ ಸರಳ. ಐಸಿಎಂಆರ್, ಕೇಂದ್ರ ಆರೋಗ್ಯ ಸಚಿವಾಲಯ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ರಾಜ್ಯ ಸರ್ಕಾರಗಳು ಸೇರಿ 2017ರ ನವೆಂಬರಿನಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಶುರು ಮಾಡಿದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ತಿರುಳೇ ಈ ಮೆಟ್ಟಿಲು. ರಾಜ್ಯದಿಂದ ರಾಜ್ಯಕ್ಕೆ ತುಸು ವ್ಯತ್ಯಾಸವಿದ್ದರೂ ಬಗೆ ಒಂದೇ: ಮೊದಲು ಅಮ್ಲೋಡಿಪಿನ್, ತಿಂಗಳ ಮೇಲೂ 140/90ರ ಒಳಗೆ ಬರದಿದ್ದರೆ ಟೆಲ್ಮಿಸಾರ್ಟನ್ ಸೇರಿಸು, ಆಮೇಲೆ ಪ್ರಮಾಣ ಏರಿಸು, ಆಮೇಲೆ ಕ್ಲೋರ್‌ಥಾಲಿಡೋನ್. ಒಂದೇ ಮಾತ್ರೆಯನ್ನು ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ಮನೆತನದ ಇನ್ನೊಂದನ್ನು ಜೊತೆಗೂಡಿಸಿದರೆ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆಂದು ಹಲವು ಪ್ರಯೋಗಗಳ ಒಟ್ಟು ಲೆಕ್ಕ ಹೇಳುತ್ತದೆ. ಒಂದೇ ಎತ್ತಿಗೆ ಎರಡು ಮೂಟೆ ಹೇರುವುದಕ್ಕಿಂತ ಜೋಡೆತ್ತು ಕಟ್ಟುವ ಬುದ್ಧಿ ಇದು.

ದೊಡ್ಡಮ್ಮನ "ಎಲ್ಲರಿಗೂ ಅದನ್ನೇ" ಎಂಬ ದೂರಿನೊಳಗೇ ಈ ಏರ್ಪಾಟಿನ ಜಾಣತನವಿದೆ. ಮಾರುಕಟ್ಟೆಯಲ್ಲಿ ಬಿಪಿ ಮಾತ್ರೆಗಳ ಹೆಸರುಗಳಿಗೆ ಲೆಕ್ಕವಿಲ್ಲ. ಒಬ್ಬೊಬ್ಬ ಡಾಕ್ಟರು ತಮಗಿಷ್ಟವಾದ ಒಂದೊಂದನ್ನು ಬರೆದರೆ ಯಾವ ಆಸ್ಪತ್ರೆಯ ಉಗ್ರಾಣವೂ ಅಷ್ಟನ್ನು ಇಟ್ಟುಕೊಳ್ಳಲಾರದು. ಎಲ್ಲರೂ ನಾಲ್ಕೈದರಲ್ಲೇ ಬರೆದರೆ ಫಾರ್ಮಾಸಿಸ್ಟ್ ಪೆನ್ನು ಹಿಡಿದು ಲೆಕ್ಕ ಹಾಕಬಹುದು: ಇಷ್ಟು ಜನ, ದಿನಕ್ಕೊಂದು, ಮೂರು ತಿಂಗಳಿಗೆ ಇಷ್ಟು ಪೆಟ್ಟಿಗೆ. ಸಿಸ್ಟರಿಗೆ ಏನು ಕೇಳಬೇಕೆಂದು ಗೊತ್ತಿರುತ್ತದೆ. ಆಶಾ ಕಾರ್ಯಕರ್ತೆಗೆ ಮನೆಬಾಗಿಲಲ್ಲಿ ಪಟ್ಟಿ ನೋಡಿದೊಡನೆ ಗುರುತು ಸಿಗುತ್ತದೆ. ಡಾಕ್ಟ್ರು ವರ್ಗವಾಗಿ ಹೋದರೂ ಮುಂದೆ ಬಂದವರು ಅದೇ ಮೆಟ್ಟಿಲಿನಿಂದ ಮುಂದಕ್ಕೆ ಹತ್ತುತ್ತಾರೆ.

ಹಾಗೆಂದು ಮಾರ್ಗಸೂಚಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. 2014ರ ಅಮೆರಿಕದ ವರದಿ 60 ದಾಟಿದವರಿಗೆ ಮೇಲಿನ ಅಂಕಿ 150ರ ಒಳಗಿದ್ದರೆ ಸಾಕು ಎಂದಾಗ, ಅದೇ ಸಮಿತಿಯ ಐವರು ಸದಸ್ಯರು ಒಪ್ಪದೆ ಬೇರೆ ಲೇಖನ ಬರೆದರು. 2017ರಲ್ಲಿ ಅಲ್ಲಿನ ಹೃದ್ರೋಗ ಸಂಘಟನೆಗಳು ಗೆರೆಯನ್ನು 130/80ಕ್ಕೆ ಇಳಿಸಿದವು. ಮಲಗೆದ್ದು ನೋಡುವಷ್ಟರಲ್ಲಿ ಬಿಪಿ ಉಳ್ಳ ಅಮೆರಿಕನ್ ವಯಸ್ಕರ ಪಾಲು 32%ನಿಂದ 46%ಕ್ಕೆ ಏರಿತ್ತು. ಯಾರ ರಕ್ತವೂ ಬದಲಾಗಿರಲಿಲ್ಲ, ಗೆರೆ ಸರಿದಿತ್ತು.

ಆ ಗೆರೆ ಸರಿಯಲು ಬಹುಪಾಲು ಕಾರಣವಾದದ್ದು 2015ರ ‘ಸ್ಪ್ರಿಂಟ್’ ಪ್ರಯೋಗ. 9,361 ಜನರಲ್ಲಿ ಅರ್ಧದಷ್ಟು ಮಂದಿಗೆ 120ರ ಒಳಗೆ, ಉಳಿದವರಿಗೆ 140ರ ಒಳಗೆ ಎಂಬ ಗುರಿ. 120ರ ಗುಂಪಿನಲ್ಲಿ ಹೃದಯದ ತೊಂದರೆಗಳು ಕಾಲುಭಾಗ ಕಡಿಮೆಯಾದವು. ಓದಿದೊಡನೆ ಎಲ್ಲರನ್ನೂ 120ಕ್ಕೆ ಎಳೆಯಬೇಕೆನಿಸುತ್ತದೆ. ಡಾಕ್ಟ್ರು ತಡೆದರು. "ಅಲ್ಲಿ ಹೇಗೆ ಅಳೆದರು ಅಂತ ನೋಡಿ. ಐದು ನಿಮಿಷ ಸುಮ್ನೆ ಕೂರಿಸಿ, ಯಂತ್ರಾನೇ ಮೂರು ಸಲ ಅಳೆದು ಸರಾಸರಿ ತೆಗೀತು. ಗಿಜಿಗುಡೋ ಕ್ಲಿನಿಕ್‌ನ 130, ಅಲ್ಲಿನ 120 ಆಗಿರ್ಬಹುದು." ಮಾರ್ಗಸೂಚಿಯ ಅಂಕಿಯನ್ನು, ಅದು ಹುಟ್ಟಿದ ಕೋಣೆಯನ್ನು ಮರೆಯದೆ ಓದುವುದು. ಇದು ಪುಸ್ತಕದಲ್ಲಿರುವ ಮಾತೇ, ಆದರೆ ಪುಸ್ತಕ ತಿರುವಿದವರಿಗೆಲ್ಲ ದಕ್ಕುವುದಿಲ್ಲ.

ದಾರಿಯಿಂದ ಪಕ್ಕಕ್ಕೆ ಸರಿಯುವುದೂ ಕಸುಬಿನ ಭಾಗವೇ. ಐದು ತಿಂಗಳ ಬಸುರಿ ಬಂದಾಗ ಡಾಕ್ಟ್ರು ಟೆಲ್ಮಿಸಾರ್ಟನ್ ಕಡೆ ತಿರುಗಿಯೂ ನೋಡಲಿಲ್ಲ. ಆ ಮನೆತನ ಹೊಟ್ಟೆಯ ಕೂಸಿಗೆ ಹಾನಿ ಮಾಡುತ್ತದೆ. ಅವರಿಗೆ ಲ್ಯಾಬಿಟಲಾಲ್. ಸಕ್ಕರೆ ಕಾಯಿಲೆಯಿದ್ದು ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದ ರೈತರೊಬ್ಬರಿಗೆ ಟೆಲ್ಮಿಸಾರ್ಟನ್ನೇ ಮೊದಲ ಮೆಟ್ಟಿಲಾಯಿತು, ಮೂತ್ರಪಿಂಡಕ್ಕೆ ಅದು ಕಾವಲು. ಒಬ್ಬ ನಿವೃತ್ತ ಮೇಷ್ಟ್ರು ಇಪ್ಪತ್ತು ವರ್ಷದಿಂದ ಅಟೆನೊಲಾಲ್ ನುಂಗುತ್ತಿದ್ದವರು. ಬ್ರಿಟನ್ 2006ರಲ್ಲೇ ಆ ಮನೆತನವನ್ನು ಮೊದಲ ಸಾಲಿನಿಂದ ಹಿಂದಕ್ಕೆ ಕೂರಿಸಿತು, ಪಾರ್ಶ್ವವಾಯು ತಡೆಯುವುದರಲ್ಲಿ ಅದು ಉಳಿದವಕ್ಕಿಂತ ಹಿಂದೆಂದು. ಹಾಗಂತ ಮೇಷ್ಟ್ರ ಮಾತ್ರೆಯನ್ನು ಅಂದೇ ಕಿತ್ತುಕೊಳ್ಳಲಾಗದು. ಥಟ್ಟನೆ ನಿಲ್ಲಿಸಿದರೆ ಹೃದಯ ಮುನಿಯುತ್ತದೆ. ಹಿಂದೆ ಹೃದಯಾಘಾತವಾಗಿತ್ತೇ ಎಂದು ವಿಚಾರಿಸಿ, ಇಲ್ಲವೆಂದ ಮೇಲೆ ಹೊಸದನ್ನು ಸೇರಿಸಿ, ಹಳೆಯದನ್ನು ವಾರಗಟ್ಟಲೆ ಮೆಲ್ಲಗೆ ಇಳಿಸುವ ಲೆಕ್ಕ ಬರೆದುಕೊಟ್ಟರು.

ದೊಡ್ಡಮ್ಮ ಚೀಟಿಯ ತಾರೀಕಿನ ದಿನ ಮತ್ತೆ ಹೋದರು. 28 ದಿನ ಎಂಬ ಗಡುವಿಗೂ ಕಾರಣವಿದೆ. ಅಮ್ಲೋಡಿಪಿನ್ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಏಳೆಂಟು ದಿನ ಬೇಕು, ಪೂರ್ತಿ ಪರಿಣಾಮ ಕಾಣಲು ಇನ್ನೂ ಕೆಲವು ವಾರ. ವಾರಕ್ಕೇ ಬಂದು "ಕಡಿಮೆಯಾಗ್ಲಿಲ್ಲ" ಅಂದರೆ ಆತುರ, ಆರು ತಿಂಗಳು ಬಿಟ್ಟು ಬಂದರೆ ಅಷ್ಟೂ ದಿನ ರಕ್ತನಾಳಗಳಿಗೆ ಪೆಟ್ಟು. 40ರಿಂದ 69ರ ವಯಸ್ಸಿನಲ್ಲಿ ಮೇಲಿನ ಅಂಕಿ 20 ಹೆಚ್ಚಿದಷ್ಟೂ ಪಾರ್ಶ್ವವಾಯು, ಹೃದಯಾಘಾತಗಳಿಂದ ಸಾಯುವ ಸಂಭವ ದುಪ್ಪಟ್ಟಾಗುತ್ತಾ ಹೋಗುತ್ತದೆಂದು ಹತ್ತು ಲಕ್ಷ ಜನರ ಲೆಕ್ಕ ತೋರಿಸಿದೆ.

ಅಂದು 152/90. ಮೆಟ್ಟಿಲಿನ ಪ್ರಕಾರ ಎರಡನೆಯ ಮಾತ್ರೆ ಸೇರಬೇಕು. ಡಾಕ್ಟ್ರು ಪೆನ್ನು ಎತ್ತಲಿಲ್ಲ. ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಅಂದರು. ಎಣಿಸಿದರೆ ಎರಡೇ ಉಳಿದಿದ್ದವು, ಅಂದರೆ ನುಂಗಿದ್ದಾರೆ. ಉಪ್ಪಿನಕಾಯಿ, ಹಪ್ಪಳ ವಿಚಾರಿಸಿದರು. ದಿನಕ್ಕೆ ಒಂದು ಟೀ ಚಮಚ ಮಟ್ಟದ ಉಪ್ಪಿನ ಪಾಠ ಮತ್ತೊಮ್ಮೆ ಆಯಿತು. ಆಮೇಲೆ ಕೇಳಿದರು: "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ ಅಮ್ಮ?"

"ಇಲ್ಲಪ್ಪ. ಮಂಡಿನೋವಿಗೆ ಮೆಡಿಕಲ್ ಸ್ಟೋರ್‌ನವ್ನು ಕೊಡೋದು ಬಿಟ್ರೆ ಇನ್ನೇನೂ ಇಲ್ಲ."

ಸೆರಗಿನ ಗಂಟಿನಿಂದ ಹೊರಬಂದದ್ದು ಡೈಕ್ಲೋಫೆನಾಕ್. ದಿನಕ್ಕೆರಡು. ಆ ಬಗೆಯ ನೋವಿನ ಮಾತ್ರೆ ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಕೇಡು. ಒಂದು ಕೈಯಿಂದ ಇಳಿಸಿ, ಇನ್ನೊಂದು ಕೈಯಿಂದ ಏರಿಸುತ್ತಿದ್ದರು ದೊಡ್ಡಮ್ಮ. ಡಾಕ್ಟ್ರು ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ಟರು, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಗೆ ಬರೆದರು. ದೊಡ್ಡಮ್ಮನನ್ನು ಎದ್ದು ನಿಲ್ಲಿಸಿ ಇನ್ನೊಮ್ಮೆ ಬಿಪಿ ನೋಡಿದರು. ನಿಂತಾಗ ಮೇಲಿನ ಅಂಕಿ 20 ಬಿದ್ದುಹೋಗುವವರಿಗೆ ಮಾತ್ರೆ ಏರಿಸಿದರೆ ಬಚ್ಚಲಲ್ಲಿ ತಲೆಸುತ್ತಿ ಬೀಳುತ್ತಾರೆ. ಅಂಥದ್ದೇನೂ ಇರಲಿಲ್ಲ. ಚೀಟಿಯಲ್ಲಿ ಮತ್ತೆ ಒಂದು ತಾರೀಕು, ಈ ಸಲ ಎರಡೇ ವಾರಕ್ಕೆ.

ಅವರು ಹೊರಗೆ ಹೋದ ಮೇಲೆ ನಾನು ತಕರಾರು ತೆಗೆದೆ. ಮೆಟ್ಟಿಲು ಹತ್ತಬೇಕಿತ್ತು, ಹತ್ತಲಿಲ್ಲವಲ್ಲ?

"ನಮ್ಮ ಕಸುಬಲ್ಲಿ ಒಂದು ಕಾಯಿಲೆ ಇದೆ ಅಂಕಲ್. ನಾನು ಅದನ್ನ ‘ನೋಡೋಣ ರೋಗ’ ಅಂತೀನಿ. ಬಿಪಿ 150 ಇರುತ್ತೆ. ಬಿಸಿಲಿಗೆ ಇರ್ಬಹುದು, ಟೆನ್ಷನ್ ಇರ್ಬಹುದು, ಮುಂದಿನ ಸಲ ನೋಡೋಣ ಅಂತ ಹಳೇ ಚೀಟೀನೇ ಬರೀತೀವಿ. ಮುಂದಿನ ಸಲಾನೂ ಅದೇ. ಹೀಗೇ ಐದು ವರ್ಷ ಆಗುತ್ತೆ, ಆಮೇಲೆ ಒಂದಿನ ಬಾಯಿ ಸೊಟ್ಟ ಆಗಿ ಕರ್ಕೊಂಡು ಬರ್ತಾರೆ. ಮಾರ್ಗಸೂಚಿ ಮೀರಿ ಹಾಳಾಗೋದಕ್ಕಿಂತ, ಒಂದೇ ಮೆಟ್ಟಿಲಲ್ಲಿ ಕೂತು ಹಾಳಾಗೋದು ಜಾಸ್ತಿ. ಇವತ್ತು ನಾನೂ ಕಾದೆ, ನಿಜ. ಆದ್ರೆ ಕಾಯೋಕೆ ಕಾರಣ ಬರ್ದಿದ್ದೀನಿ, ತಾರೀಕೂ ಬರ್ದಿದ್ದೀನಿ."

ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆಯಿದೆ. 2001ರಲ್ಲಿ ಅದರ ಬಿಪಿ ರೋಗಿಗಳಲ್ಲಿ ಹತೋಟಿಯಲ್ಲಿದ್ದವರು ಸುಮಾರು 44%, 2009ರ ಹೊತ್ತಿಗೆ 80%. ನಡುವೆ ಯಾವ ಪವಾಡದ ಔಷಧವೂ ಬಂದಿರಲಿಲ್ಲ. ರೋಗಿಗಳ ಪಟ್ಟಿ, ಎಲ್ಲರಿಗೂ ಒಂದೇ ಸರಳ ಮೆಟ್ಟಿಲು, ಎರಡು ಔಷಧ ಸೇರಿದ ಒಂದು ಅಗ್ಗದ ಮಾತ್ರೆ, ಮಾತ್ರೆ ಬದಲಿಸಿದ ಎರಡರಿಂದ ನಾಲ್ಕು ವಾರಕ್ಕೆ ಸಹಾಯಕರ ಹತ್ತಿರ ಹಣ ಕೊಡದೆ ಬಿಪಿ ನೋಡಿಸಿಕೊಳ್ಳುವ ಅನುಕೂಲ. ಅಲ್ಲಿ ಗೆದ್ದದ್ದೂ ಚೀಟಿಯ ಎರಡನೆಯ ಸಾಲೇ.

ಎರಡು ವಾರದ ಮೇಲೆ 146/86. ನೋವಿನ ಮಾತ್ರೆಯ ನೆಪ ಮುಗಿದಿತ್ತು, ರಕ್ತಪರೀಕ್ಷೆ ಸರಿಯಿತ್ತು. ಡಾಕ್ಟ್ರು ಒಂದು ಕ್ಷಣವೂ ತಡೆಯದೆ ಟೆಲ್ಮಿಸಾರ್ಟನ್ 40 ಸೇರಿಸಿದರು. ಮುಂದಿನ ತಿಂಗಳು 132/78. ಅಂದು ರಿಜಿಸ್ಟರಿನ ಪುಟ ನೋಡಿದೆ. ಕೆಲವು ಕಡೆ ರಿಜಿಸ್ಟರುಗಳಲ್ಲಿ ಸಾಲುಸಾಲು 130/80, 140/90 ಕಾಣುತ್ತವೆ, ಎಲ್ಲರ ರಕ್ತವೂ ಸೊನ್ನೆಗೇ ಬಂದು ನಿಂತಹಾಗೆ. ಇಲ್ಲಿ 132, 147, 128, 151. ಅಳೆದ ಅಂಕಿಗಳು. ಪ್ರತಿ ಸಾಲಿನ ಕೊನೆಗೂ ಒಂದು ತಾರೀಕು.

"ಈಗ ಸರಿಹೋಯ್ತಲ್ಲ, ಮಾತ್ರೆ ನಿಲ್ಲಿಸ್ಲಾ?" ದೊಡ್ಡಮ್ಮ ಕೇಳಿದರು. ಅದನ್ನು ಕೇಳದವರೇ ಇಲ್ಲವಂತೆ.

"ಮಾತ್ರೆ ತಗೊಳ್ತಿರೋದಕ್ಕೇ ಸರಿಯಾಗಿದೆ ಅಮ್ಮ. ಮುಂದುವರಿಸಿ" ಎಂದು ಡಾಕ್ಟ್ರು ಚೀಟಿ ಚಾಚಿದರು.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಮಾತ್ರೆಗಳ ಹೆಸರಿನ ಮೇಲೆ ಕಣ್ಣು ಜಾರಿಹೋಯಿತು. ಆಮೇಲೆ ಚೀಟಿ ವಾಪಸ್ ಮೇಜಿನ ಮೇಲಿಟ್ಟರು.

"ತಾರೀಕು ಹಾಕೋದು ಮರ್ತಿದ್ದೀರಿ, ಡಾಕ್ಟ್ರಮ್ಮ."